ಇದು ಹಾಡ್ತಾ ಇದ್ಯಾ, ಬೈತಾ ಇದ್ಯಾ?

ಕಳೆದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಹಿತ್ತಿಲ ಪೇರಲೆ ಗಿಡದಲ್ಲಿ ಕೂತಿದ್ದ ಮಡಿವಾಳ ಹಕ್ಕಿಯದೊಂದು ಫೋಟೊ ತೆಗೆದೆ. ಗಂಡು ಹಕ್ಕಿ. ಕೊಕ್ಕು ಪೂರಾ ತೆರೆದಿದೆ, ಬಾಲ ಬೆನ್ನಿನ ಮೇಲೆ ನೆಟ್ಟಗೆ ಎದ್ದಿದೆ, ಎದೆಯ ಕಪ್ಪಿನಲ್ಲಿ ಅಡಗಿರುವ ನೀಲಿ ಹೊಳಪು ಕೂಡ ಕಾಣುತ್ತದೆ. ಹಿಂದಿನ ಬಾಳೆ, ಕರಿಬೇವು, ಬಚ್ಚಲ ಗೋಡೆ ಎಲ್ಲ ಕರಗಿ ಒಂದೇ ಹಸಿರು ಬಣ್ಣವಾಗಿವೆ. ನಾನು ಈವರೆಗೆ ತೆಗೆದ ಹಕ್ಕಿಚಿತ್ರಗಳಲ್ಲಿ ಇದಕ್ಕಿಂತ ಚೆನ್ನಾಗಿರುವುದು ಇಲ್ಲ. ‘ಬೆಳಗಿನ ರಾಗ’ ಎಂದು ಅಡಿಬರಹ ಕೊಟ್ಟು ಗೆಳೆಯರಿಗೆ ಕಳಿಸಿದೆ. ಎಲ್ಲರೂ ಮೆಚ್ಚಿದರು. ಒಬ್ಬರಂತೂ ಹಾಡು ಕೇಳಿಸಿದ ಹಾಗಾಯಿತು ಎಂದು ಬರೆದರು.

ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. “ಚಂದ ಬಂದಿದೆ ಮಾರಾಯ್ತಿ. ಆದ್ರೆ ಇದು ಹಾಡ್ತಾ ಇದ್ಯಾ, ಬೈತಾ ಇದ್ಯಾ?” ಎಂದು ಕೇಳಿದರು.

ಉತ್ತರ ನನಗೆ ಗೊತ್ತಿತ್ತು, ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದಕ್ಕೆ ಮುಂದೆ ಬರುತ್ತೇನೆ. ಒಂದು ವರ್ಷದಿಂದ ಆ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹಕ್ಕಿಗಳ ಬಗ್ಗೆ ಕನ್ನಡದಲ್ಲಿ ಬಂದಿರುವ ಬರವಣಿಗೆಯನ್ನು ಓದಲು ವಿಮರ್ಶೆಯ ಪುಸ್ತಕಗಳಲ್ಲಿ ನನಗೆ ಸಿಗದ ಒಂದು ಅಳತೆಗೋಲು ಅದರಲ್ಲಿ ಸಿಕ್ಕಿತು ಅನ್ನಿಸುತ್ತದೆ. ಆ ಅಳತೆಗೋಲಿನಿಂದ ಕುವೆಂಪು, ತೇಜಸ್ವಿ ಮತ್ತು ಈಗ ಕ್ಯಾಮೆರಾ ಹಿಡಿದು ಹಿತ್ತಿಲಲ್ಲಿ ನಿಂತಿರುವ ನಮ್ಮಂಥವರನ್ನು ಅಳೆದು ನೋಡುವುದು ಈ ಬರಹದ ಉದ್ದೇಶ.

ಮೊದಲು ಹಿತ್ತಿಲಿನ ವಿಷಯ. ತ್ಯಾವರೆಕೊಪ್ಪ ಎಂದರೆ ಹೊರಗಿನವರಿಗೆ ಹುಲಿ-ಸಿಂಹಧಾಮ. ಶಿವಮೊಗ್ಗದಿಂದ ಸಾಗರದ ರಸ್ತೆಯಲ್ಲಿ ಸುಮಾರು ಹತ್ತು ಕಿಲೋಮೀಟರ್, ಶೆಟ್ಟಿಹಳ್ಳಿ ಅಭಯಾರಣ್ಯದ ಮಗ್ಗುಲು. 1988ರಲ್ಲಿ ಶುರುವಾಯಿತು. ರಜೆ ಬಂತೆಂದರೆ ಜನ ಬಂದು ಜಾಲರಿ ಹಾಕಿದ ವಾಹನದಲ್ಲಿ ಕೂತು, ಜಾಲರಿಯ ಕಿಂಡಿಗೆ ಮೊಬೈಲ್ ಇಟ್ಟು ಸಿಂಹದ ಫೋಟೊ ತೆಗೆದುಕೊಂಡು ಹೋಗುತ್ತಾರೆ. ನಮಗೆ ಸಿಂಹ ಕಾಣುವುದಿಲ್ಲ, ಕೇಳುತ್ತದೆ. ಬೆಳಗಿನ ಜಾವ ಗಾಳಿ ಈ ಕಡೆಗಿದ್ದರೆ ಅದರ ಗರ್ಜನೆ ಹಿತ್ತಿಲವರೆಗೆ ಬರುತ್ತದೆ. ಅದು ನಿಂತ ಸ್ವಲ್ಪ ಹೊತ್ತಿಗೆ, ಇನ್ನೂ ಬೆಳಕು ಹರಿಯುವ ಮೊದಲೇ ಮಡಿವಾಳ ಶುರುಮಾಡುತ್ತದೆ. ಆಮೇಲೆ ಪಿಕಳಾರ, ಟುವ್ವಿ, ಬಿಸಿಲು ಬಂದ ಮೇಲೆ ದಾಸವಾಳಕ್ಕೆ ಸೂರಕ್ಕಿ. ಹರಟೆಮಲ್ಲಗಳ ಗುಂಪಿಗೆ ಮಾತ್ರ ಹೊತ್ತುಗೊತ್ತಿಲ್ಲ. ಇವುಗಳಲ್ಲಿ ಹೆಚ್ಚಿನವನ್ನು ಅಮ್ಮ ನೆಟ್ಟಗೆ ನೋಡಿದ್ದೇ ಇಲ್ಲ. ಒಲೆಯ ಮುಂದೆ ಕೂತೇ ಯಾವ ಹಕ್ಕಿ, ಎಲ್ಲಿ ಕೂತಿದೆ, ಬೆಕ್ಕು ಬಂತೋ ಕೆಂಬೂತ ಬಂತೋ ಎಂದು ಹೇಳುತ್ತಾರೆ. ಹಾಡುಹಕ್ಕಿ ಮನುಷ್ಯರಿಗೆ ಮೊದಲು ದಕ್ಕುವುದೇ ಕಿವಿಯಿಂದ.

ನಮ್ಮ ಭಾಷೆಗೂ ಇದು ಗೊತ್ತಿದೆ. ಹಕ್ಕಿಗಳ ಕನ್ನಡ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಕುಟ್ರು, ಟುವ್ವಿ: ಎರಡೂ ಆಯಾ ಹಕ್ಕಿಯ ಕೂಗೇ. ಸಿಳ್ಳಾರ ಎಂದರೆ ಸಿಳ್ಳೆ ಹಾಕುವುದು. ಹರಟೆಮಲ್ಲ ಎಂದು ಕರೆದವರು ಅದರ ರೆಕ್ಕೆಯ ಮಣ್ಣುಬಣ್ಣವನ್ನು ನೋಡಿ ಹೆಸರಿಟ್ಟದ್ದಲ್ಲ. ಈಗ ಪುಸ್ತಕಗಳಲ್ಲಿ ಬರುವ ಉದ್ದನೆಯ ಹೆಸರುಗಳನ್ನು ನೋಡಿ: ಬಿಳಿಗೆನ್ನೆಯ ಕುಟ್ರು, ಕೆಮ್ಮೀಸೆಯ ಪಿಕಳಾರ. ಬಿಳಿಗೆನ್ನೆ ಎಂಬುದು ಕಣ್ಣು ಕೊಟ್ಟ ವಿಶೇಷಣ, ಕುಟ್ರು ಎಂಬುದು ಕಿವಿ ಕೊಟ್ಟ ನಾಮಪದ. ಜಾತಿಗಳನ್ನು ಒಂದರಿಂದ ಒಂದು ಬೇರ್ಪಡಿಸುವ ಅಗತ್ಯ ಬಂದಾಗ, ದುರ್ಬೀನು ಮತ್ತು ಕ್ಯಾಮೆರಾ ಬಂದಾಗ, ಕಣ್ಣು ಮುಂದೆ ಬಂದು ಕೂತಿತು. ಕಿವಿ ಕೊಟ್ಟ ಹಳೆಯ ಹೆಸರು ಹಿಂದೆ ಉಳಿಯಿತು. ಇದನ್ನು ದೂರುವುದರಲ್ಲಿ ಅರ್ಥವಿಲ್ಲ. ಆದರೆ ಸಾಹಿತ್ಯದಲ್ಲಿಯೂ ಇಂಥದೇ ಒಂದು ಸ್ಥಳಾಂತರ ನಡೆದಿದೆ, ಅದನ್ನು ನಾವು ಸರಿಯಾಗಿ ಗಮನಿಸಿಲ್ಲ.

ಕುವೆಂಪು ಅವರಿಂದ ಶುರುಮಾಡುವುದು ಅನಿವಾರ್ಯ. ಶಿವಮೊಗ್ಗ ಜಿಲ್ಲೆಯಲ್ಲಿ ಕೂತು ಹಕ್ಕಿಯ ಬಗ್ಗೆ ಬರೆಯುವವರು ಯಾರೂ ತೀರ್ಥಹಳ್ಳಿಯ ದಾರಿ ತಪ್ಪಿಸಿಕೊಳ್ಳಲಾಗದು. ‘ದೇವರು ರುಜು ಮಾಡಿದನು’ ಎಂಬ ಅವರ ಪ್ರಸಿದ್ಧ ಕವಿತೆ ತುಂಗೆಯ ದಡದ ಸಿಬ್ಬಲುಗುಡ್ಡೆಯಲ್ಲಿ ಕಂಡ ಬೆಳ್ಳಕ್ಕಿ ಸಾಲಿನ ಬಗ್ಗೆ. ಕನ್ನಡದಲ್ಲಿ ಫೋಟೊಗೆ ಇಷ್ಟು ಹತ್ತಿರವಿರುವ ಕವಿತೆ ಇನ್ನೊಂದಿದೆಯೋ ಇಲ್ಲವೋ. ಆಕಾಶವನ್ನು ಹಿನ್ನೆಲೆಯಾಗಿ ಹಾಸಿ, ಬೆಟ್ಟದ ಸಾಲನ್ನೂ ಕಾಡನ್ನೂ ಹೊಳೆಯನ್ನೂ ಅವುಗಳ ಜಾಗದಲ್ಲಿಟ್ಟು, ಕೊನೆಗೆ ಒಂದು ಕ್ಷಣ ಹಾದುಹೋಗುವ ಹಕ್ಕಿಸಾಲಿಗಾಗಿ ಕವಿ ಕಾಯುತ್ತಾನೆ. ಚಿತ್ರಕಾರ ಚಿತ್ರ ಮುಗಿಸಿ ಮೂಲೆಯಲ್ಲಿ ರುಜು ಹಾಕುವಂತೆ ಹಕ್ಕಿಗಳು ಬರುತ್ತವೆ. ಇಂದಿನ ಯಾವ ಛಾಯಾಗ್ರಾಹಕನಿಗೂ ಈ ಕ್ರಮ ಚೆನ್ನಾಗಿ ಗೊತ್ತು.

ಆದರೂ ಅಮ್ಮನ ಪ್ರಶ್ನೆ ಹಿಡಿದು ಈ ಕವಿತೆಯನ್ನು ಮತ್ತೆ ಓದಿದಾಗ ನಾನು ಹಿಂದೆ ಗಮನಿಸದ ಒಂದು ಸಂಗತಿ ಕಂಡಿತು. ಬೆಳ್ಳಕ್ಕಿಗಳು ಕಣ್ಣಿಗೆ ಬೀಳುವ ಮುಂಚೆಯೇ ಕವಿತೆ ಶಬ್ದವನ್ನು ಹಾಸಿಟ್ಟಿರುತ್ತದೆ. ಜನರಿಲ್ಲದ ಆ ಜಾಗದ ಹಕ್ಕಿದನಿ ಅಲ್ಲಿದೆ. ಬಂಡೆಗಳ ನಡುವೆ ನೀರು ತೊದಲುವ ಸದ್ದು ಅಲ್ಲಿದೆ. ಆ ಶಬ್ದದ ಮೇಲೆ ಮೌನವಾಗಿ ಹಾರುವ ಹಕ್ಕಿಯ ಸಾಲು ಮೂಡುತ್ತದೆ. ಅಂದರೆ ರುಜುವಿಗೆ ಕಾಗದವಾಗಿರುವುದು ಬರೀ ನೋಟವಲ್ಲ, ಸದ್ದು ಕೂಡ. ಇದೇ ದೃಶ್ಯವನ್ನು ಫೋಟೊ ಮಾಡಿದರೆ ರುಜು ಉಳಿಯುತ್ತದೆ, ಕಾಗದ ಅರ್ಧ ಹೋಗುತ್ತದೆ. ಜೊತೆಗೆ ಕವಿ ಆರಿಸಿಕೊಂಡದ್ದು ಬೆಳ್ಳಕ್ಕಿಯನ್ನು. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿ, ನೀರುಕಾಗೆಗಳನ್ನು ನೋಡಿದವರಿಗೆ ಗೊತ್ತು: ದಡದಲ್ಲಿ ನಿಂತವರಿಗೆ ಅವು ಮುಖ್ಯವಾಗಿ ನೋಡುವ ಹಕ್ಕಿಗಳು. ಮಡಿವಾಳ ಹಾಗಲ್ಲ. ಅದನ್ನು ಬರೀ ನೋಡಿದವರು ಅದರ ಬಹುಪಾಲನ್ನು ಬಿಟ್ಟವರು.

ಅದೇ ಕುವೆಂಪು ‘ಪಕ್ಷಿಕಾಶಿ’ ಎಂಬ ಕವಿತೆಯಲ್ಲಿ ಹಕ್ಕಿಗಳ ತಾಣವನ್ನು ಹೃದಯದ ಒಳಗೇ ಕಟ್ಟುತ್ತಾರೆ, ಅಲ್ಲಿಗೆ ಬರುವವರು ಬಿಲ್ಲು ಬತ್ತಳಿಕೆಗಳನ್ನು ಹೊರಗಿಟ್ಟು ಬರಬೇಕು ಎನ್ನುತ್ತಾರೆ. ಅಲ್ಲಿ ಅವರು ಹೇಳುತ್ತಿರುವುದು ಕಾವ್ಯವನ್ನು ಹೇಗೆ ಓದಬೇಕು ಎಂಬುದನ್ನು. ಕೊಂಕು, ಬಿಂಕಗಳೇ ಓದುಗನ ಆಯುಧಗಳು. ಆದರೆ ಆ ರೂಪಕ ಹೊಳೆಯಬೇಕಾದರೆ ನಿಜವಾದ ಹಕ್ಕಿ, ನಿಜವಾದ ಬೇಟೆ ಎರಡೂ ಗೊತ್ತಿರಬೇಕು. ಮಲೆನಾಡಿನ ಆ ತಲೆಮಾರಿಗೆ ಅವೆರಡೂ ಗೊತ್ತಿದ್ದವು. ಹಾಗಿದ್ದೂ ಇಲ್ಲಿ ಒಂದು ಮಿತಿ ಇದೆ. ಬೇಂದ್ರೆಯವರ ಹಾರುವ ಹಕ್ಕಿ ಕಾಲವಾಗುತ್ತದೆ, ಕುವೆಂಪು ಅವರ ಹಕ್ಕಿ ದೇವರ ರುಜುವಾಗುತ್ತದೆ, ಹೃದಯದ ಪ್ರಾಣವಾಗುತ್ತದೆ. ನವೋದಯದಲ್ಲಿ ಹಕ್ಕಿ ಬಹಳ ದೊಡ್ಡ ಕೆಲಸಗಳನ್ನು ಮಾಡಿತು. ಹಕ್ಕಿಯಾಗಿ ಸುಮ್ಮನೆ ಇರುವುದಕ್ಕೆ ಮಾತ್ರ ಅದಕ್ಕೆ ಅಲ್ಲಿ ಪುರಸೊತ್ತು ಕಡಿಮೆ.

ಆ ಪುರಸೊತ್ತನ್ನು ಕೊಟ್ಟವರು ಪೂರ್ಣಚಂದ್ರ ತೇಜಸ್ವಿ. ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ನಾನು ಪಿಎಚ್.ಡಿ.ಗೆ ಆರಿಸಿಕೊಂಡಿರುವುದು ತೇಜಸ್ವಿಯವರ ಗದ್ಯವನ್ನೇ. ಅಧ್ಯಾಯಗಳನ್ನು ಹಂಚಿಕೊಂಡಾಗ ‘ಕರ್ವಾಲೊ’ಗೆ ಒಂದು, ‘ಚಿದಂಬರ ರಹಸ್ಯ’ಕ್ಕೆ ಒಂದು, ‘ಪರಿಸರದ ಕತೆ’ಗೆ ಒಂದು ಇಟ್ಟೆ. ‘ಮಿಂಚುಳ್ಳಿ’, ‘ಹೆಜ್ಜೆ ಮೂಡದ ಹಾದಿ’, ‘ಹಕ್ಕಿಪುಕ್ಕ’ ಮುಂತಾದ ಹಕ್ಕಿ ಪುಸ್ತಕಗಳನ್ನು ಅನುಬಂಧಕ್ಕೆ ಹಾಕಿದೆ. ಯಾರೂ ಹೇಳಿ ಮಾಡಿಸಿದ್ದಲ್ಲ. ಅವು ಮಾಹಿತಿಯ ಪುಸ್ತಕಗಳು, ಸಾಹಿತ್ಯವಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ‘ಪರಿಸರದ ಕತೆ’ಯ ಮಾರ, ಪ್ಯಾರ, ಕಿವಿಯ ಸಹವಾಸದಲ್ಲಿ ನಕ್ಕು ಬಂದವರಿಗೆ ಹಕ್ಕಿ ಪುಸ್ತಕಗಳ ಟಿಪ್ಪಣಿ ಒಣ ಅನ್ನಿಸುತ್ತದೆ. ಗಾತ್ರ ಇಷ್ಟು, ಬಣ್ಣ ಇದು, ಇರುವುದು ಇಂಥಲ್ಲಿ. ಕತೆಗಾರ ಎಲ್ಲಿಗೆ ಹೋದ ಎಂದು ನಾನೂ ಕೇಳಿದ್ದೆ.

ಈಗ ನನಗೆ ಅನ್ನಿಸುವುದು ಬೇರೆ. ಆ ಒಣತನ ಒಂದು ಸಂಯಮ. ಅಪ್ಪನ ಕಾವ್ಯದಲ್ಲಿ ಅಷ್ಟೆಲ್ಲ ಅರ್ಥ ಹೊತ್ತ ಹಕ್ಕಿಯನ್ನು ಮಗ ಕೆಳಗಿಳಿಸಿ, ಅದರ ಹೊರೆ ತೆಗೆದು, ಇದು ಹಕ್ಕಿ ಎಂದು ತೋರಿಸಿದರು. ಅದಕ್ಕೆ ಅವರಿಗೆ ಕ್ಯಾಮೆರಾ ಬೇಕಾಯಿತು. ಕ್ಯಾಮೆರಾಕ್ಕೆ ರೂಪಕ ಗೊತ್ತಿಲ್ಲ. ಅದರ ಮುಂದೆ ಇರುವುದು ಒಂದು ಹಕ್ಕಿ, ಒಂದು ರೆಂಬೆ, ಅಷ್ಟು ಬೆಳಕು. ಆದರೆ ಚಿತ್ರವನ್ನೊಂದೇ ಕೊಟ್ಟು ಅವರು ಸುಮ್ಮನಾಗಲಿಲ್ಲ, ಪಕ್ಕದಲ್ಲಿ ಮಾತು ಇಟ್ಟರು. ಗುಬ್ಬಚ್ಚಿಯಷ್ಟು, ಮೈನಾದಷ್ಟು ಎಂದು ಗಾತ್ರ ಹೇಳುವ ಕ್ರಮ ಸಲೀಂ ಅಲಿಯಂಥವರ ಕೈಪಿಡಿಗಳಿಂದ ಬಂದದ್ದು. ಆದರೆ ಕನ್ನಡದ ಓದುಗನಿಗೆ ಅದು ಮಾಡುವ ಕೆಲಸ ನೋಡಿ. ಚಿತ್ರದಲ್ಲಿ ಸೂರಕ್ಕಿಯೂ ಹದ್ದೂ ಒಂದೇ ಗಾತ್ರ, ಎರಡೂ ಪುಟದ ತುಂಬ ಇರುತ್ತವೆ. ‘ಗುಬ್ಬಚ್ಚಿಗಿಂತ ಚಿಕ್ಕದು’ ಎಂಬ ಮಾತು ಬಂದ ಕೂಡಲೇ ಓದುಗ ಪುಸ್ತಕ ಬಿಟ್ಟು ತನ್ನ ಮನೆಯ ಗುಬ್ಬಚ್ಚಿಯನ್ನು ನೆನೆಯಬೇಕು. ಆ ಟಿಪ್ಪಣಿ ಚಿತ್ರದ ಸುಳ್ಳನ್ನು ತಿದ್ದುತ್ತದೆ, ಓದುಗನನ್ನು ಹೊರಗೆ ಹಿತ್ತಿಲಿಗೆ ಕಳಿಸುತ್ತದೆ. ಇದು ಗದ್ಯದ ಕೆಲಸವಲ್ಲದೆ ಇನ್ನೇನು?

ತೇಜಸ್ವಿಯವರು ಫಿಲ್ಮಿನ ಕಾಲದವರು ಎಂಬುದನ್ನೂ ಮರೆಯಬಾರದು. ಒಂದು ರೋಲಿಗೆ 36 ಚಿತ್ರ. ತೊಳೆಸಿ ತರುವವರೆಗೆ ಏನು ಸಿಕ್ಕಿದೆ ಎಂಬುದು ಗೊತ್ತಿಲ್ಲ. ನನ್ನ ಕೈಯಲ್ಲಿರುವ ಸಾಧಾರಣ ಕ್ಯಾಮೆರಾ ಒಂದು ಸೆಕೆಂಡಿಗೆ ಹತ್ತು ಚಿತ್ರ ತೆಗೆಯುತ್ತದೆ, ಅಂದರೆ ಅವರ ಒಂದು ರೋಲು ನನಗೆ ನಾಲ್ಕು ಸೆಕೆಂಡು ಕೂಡ ಅಲ್ಲ. ಹಿಂದೆ ಒಂದು ಹಕ್ಕಿಯ ಚಿತ್ರ ಬೇಕಾದರೆ ಅದರ ದಿನಚರಿ ತಿಳಿಯಬೇಕಿತ್ತು. ಯಾವ ರೆಂಬೆಗೆ ಬರುತ್ತದೆ, ಎಷ್ಟು ಹೊತ್ತಿಗೆ, ಯಾವ ಸದ್ದಿಗೆ ಬೆದರುತ್ತದೆ ಎಂಬುದು ಗೊತ್ತಿರಬೇಕಿತ್ತು. ಹಾಗೆ ತಿಳಿದದ್ದು ಮಾತಾಗಿ ಚಿತ್ರದ ಪಕ್ಕ ಬಂದು ಕೂರುತ್ತಿತ್ತು. ಈಗ ತಿಳಿಯುವ ಮೊದಲೇ ಚಿತ್ರ ಸಿಗುತ್ತದೆ. ಪಕ್ಕದಲ್ಲಿ ಇಡಲು ನಮ್ಮ ಬಳಿ ಮಾತಿಲ್ಲ. ಅದಕ್ಕಾಗಿ ‘ಬೆಳಗಿನ ರಾಗ’, ‘ಒಂಟಿ ಪಯಣಿಗ’, ‘ತಾಯ್ತನದ ಬೆಚ್ಚನೆ’ ಎಂಬಂಥ ಅಡಿಬರಹಗಳನ್ನು ಅಂಟಿಸುತ್ತೇವೆ. ತೇಜಸ್ವಿ ಕಷ್ಟಪಟ್ಟು ಇಳಿಸಿದ ರೂಪಕವನ್ನು ಮತ್ತೆ ಹಕ್ಕಿಯ ಬೆನ್ನಿಗೆ ಹೇರುತ್ತಿದ್ದೇವೆ, ಅದೂ ಅಗ್ಗದ್ದನ್ನು. ಅವರ ಚಿತ್ರಗಳಿಗೆ ನಾವು ವಾರಸುದಾರರಾದೆವು, ಅವರ ಟಿಪ್ಪಣಿಗಳಿಗೆ ಆಗಲಿಲ್ಲ.

1980ರ ‘ಕರ್ವಾಲೊ’ವನ್ನು ಈ ಬೆಳಕಿನಲ್ಲಿ ಮತ್ತೆ ಓದಬಹುದು. ಹಾರುವ ಓತಿಯನ್ನು ಹುಡುಕಿ ಹೊರಟ ತಂಡದಲ್ಲಿ ವಿಜ್ಞಾನಿ ಇದ್ದಾನೆ, ಕಾಡು ಬಲ್ಲ ಮಂದಣ್ಣ ಇದ್ದಾನೆ, ಅಡುಗೆಗೆ ಬಿರ್ಯಾನಿ ಕರಿಯಪ್ಪ ಇದ್ದಾನೆ. ಜೊತೆಗೆ ಫೋಟೊಗ್ರಾಫರ್ ಪ್ರಭಾಕರನೂ ಇದ್ದಾನೆ. ಓತಿಯ ಸಾಕ್ಷ್ಯ ಹಿಡಿದು ತರುವ ಎಲ್ಲ ಏರ್ಪಾಟೂ ಇದೆ. ಕೊನೆಗೆ ಓತಿ ಅವರೆಲ್ಲರ ಕಣ್ಣೆದುರೇ ಕಣಿವೆಯೊಳಕ್ಕೆ ತೇಲಿಹೋಗುತ್ತದೆ. ಕಾದಂಬರಿ ತನ್ನ ಎತ್ತರ ಮುಟ್ಟುವುದು ಹಿಡಿತ ತಪ್ಪಿದ ಆ ಗಳಿಗೆಯಲ್ಲಿ. ಇದನ್ನು ಬರೆದವರೇ ಮುಂದೆ ವರ್ಷಗಟ್ಟಲೆ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದರು. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಚಿತ್ರ ಸಿಕ್ಕರೂ ಹಕ್ಕಿ ಸಿಕ್ಕಿಲ್ಲ ಎಂಬುದನ್ನು ತಿಳಿದವರು ಮಾತ್ರ ಅಷ್ಟು ಸಂಯಮದ ಟಿಪ್ಪಣಿ ಬರೆಯಬಲ್ಲರು.

ಇಷ್ಟು ಹೇಳಿದ ಮೇಲೆ ನಾನು ಕ್ಯಾಮೆರಾ ವಿರೋಧಿ ಎಂದು ಯಾರಾದರೂ ತಿಳಿದರೆ ಅದು ತಪ್ಪು. ಕೋವಿಗಿಂತ ಕ್ಯಾಮೆರಾ ಸಾವಿರ ಪಾಲು ಮೇಲು. ಒಂದು ಕಾಲಕ್ಕೆ ಹಕ್ಕಿಯನ್ನು ಖಚಿತವಾಗಿ ಗುರುತಿಸುವುದೆಂದರೆ ಹೊಡೆದು ಕೈಗೆ ತೆಗೆದುಕೊಳ್ಳುವುದೇ ಆಗಿತ್ತು. ಹುಡುಗನಾಗಿದ್ದಾಗ ಏರ್‌ಗನ್ನಿನಿಂದ ಹೊಡೆದ ಒಂದು ಹಳದಿ ಕೊರಳಿನ ಗುಬ್ಬಿ ತನ್ನನ್ನು ಪಕ್ಷಿಶಾಸ್ತ್ರದ ದಾರಿಗೆ ತಂದಿತು ಎಂದು ಸಲೀಂ ಅಲಿಯವರೇ ಆತ್ಮಕತೆಯಲ್ಲಿ ಬರೆದಿದ್ದಾರೆ. ಅವರು 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದಾಗಲೂ ಮಾದರಿಗಳನ್ನು ಸಂಗ್ರಹಿಸುವುದೇ ಕ್ರಮವಾಗಿತ್ತು. ಈಗ ಶಾಲೆಯ ಮಕ್ಕಳು ಒಂದು ಮಸುಕಾದ ಫೋಟೊ ಸಾಕ್ಷಿಯಾಗಿಟ್ಟು ತಮ್ಮ ಊರಿನ ಹಕ್ಕಿಪಟ್ಟಿ ಮಾಡುತ್ತಾರೆ. 1998ರಲ್ಲಿ ಅಮೆರಿಕದಲ್ಲಿ ಶುರುವಾದ ಹಿತ್ತಿಲ ಹಕ್ಕಿಗಳ ಗಣತಿ 2013ರಿಂದ ಜಗತ್ತಿಗೆಲ್ಲ ತೆರೆದುಕೊಂಡಿದೆ. ಫೆಬ್ರವರಿಯ ಆ ನಾಲ್ಕು ದಿನಗಳಲ್ಲಿ ನಾನೂ ಹದಿನೈದು ನಿಮಿಷ ಹಿತ್ತಿಲಲ್ಲಿ ಕೂತು ಎಣಿಸುತ್ತೇನೆ. ನೋಡಿದ್ದನ್ನು ಮಾತ್ರವಲ್ಲ, ಕೇಳಿದ್ದನ್ನೂ ಆ ಪಟ್ಟಿಯಲ್ಲಿ ಬರೆಯಬಹುದು. ಅದು ನನಗೆ ಬಹಳ ಹಿಡಿಸಿದ ನಿಯಮ.

ಆದರೆ ಕೋವಿ ಹೋದರೂ ಕೋವಿಯ ಚಾಳಿ ಉಳಿಯಬಹುದು. ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ 1977ರ ತಮ್ಮ ಫೋಟೊಗ್ರಫಿ ಕುರಿತ ಪುಸ್ತಕದಲ್ಲಿ, ಸಫಾರಿಯಲ್ಲಿ ಕೋವಿಯ ಜಾಗಕ್ಕೆ ಕ್ಯಾಮೆರಾ ಬಂದಿರುವುದನ್ನು ಗುರುತಿಸಿದ್ದರು. ಸಿಂಹಧಾಮದ ಪಕ್ಕದಲ್ಲಿರುವ ನನಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟವಾಗಲಿಲ್ಲ. ಜಾಲರಿಯ ವಾಹನದಲ್ಲಿ ಕೂತವರನ್ನು ನೋಡಿ ನಗುವುದು ಸುಲಭವಿತ್ತು. ನನ್ನ ಹಿತ್ತಿಲಲ್ಲೇ ನಾನು ಬಿಲ್ಲು ಬತ್ತಳಿಕೆ ಹಿಡಿದು ನಿಂತಿದ್ದೇನೆ ಎಂದು ತಿಳಿಯಲು ತಡವಾಯಿತು.

ಈಗ ಆ ಫೋಟೊದ ಕತೆ. ಮಡಿವಾಳ ಚಳಿಗಾಲದಲ್ಲಿ ಹೆಚ್ಚುಕಡಿಮೆ ಮೂಕ. ಬೇಸಗೆ ಶುರುವಾದ ಮೇಲೆ ಗಂಡು ಹಕ್ಕಿ ಎತ್ತರದ ಜಾಗ ಹಿಡಿದು ಹಾಡುತ್ತದೆ. ಈ ಜಾಗ ನನ್ನದು ಎಂದು ಉಳಿದ ಗಂಡುಗಳಿಗೆ ಹೇಳಲು, ಹೆಣ್ಣಿಗೆ ತನ್ನ ಇರವು ತಿಳಿಸಲು. ಕಳೆದ ವರ್ಷ ಅದು ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕೂತು ಹಾಡುತ್ತಿತ್ತು. ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ಮೇಲೆ ಕೂತ ಹಕ್ಕಿಯ ಫೋಟೊ ಯಾರಿಗೆ ಬೇಕು? ನನಗೆ ಅದು ಪೇರಲೆ ಗಿಡಕ್ಕೆ ಬರಬೇಕಿತ್ತು. ಮೂರು ದಿನ ಕಾದೆ, ಬರಲಿಲ್ಲ. ನಾಲ್ಕನೆಯ ದಿನ ಮೊಬೈಲಿನಲ್ಲಿ ಬೇರೆಲ್ಲೋ ಧ್ವನಿಮುದ್ರಿಸಿದ್ದ ಮಡಿವಾಳದ ಹಾಡು ಹಾಕಿ, ಪೇರಲೆಯ ಬುಡದಲ್ಲಿ ಇಟ್ಟೆ.

ಅರ್ಧ ನಿಮಿಷವೂ ಆಗಲಿಲ್ಲ, ಬಂತು. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಎಂದು ತಿಳಿದು ಬಂತು. ರೆಂಬೆಯಿಂದ ರೆಂಬೆಗೆ ಹಾರಿತು, ಬಾಲ ಎತ್ತಿತು, ಕೊಕ್ಕು ತೆರೆದು ಒರಟಾಗಿ ಚೀರಿತು, ಕಾಣದ ಆ ಹಗೆಯನ್ನು ಹುಡುಕುತ್ತ ಮೊಬೈಲಿನ ಮೇಲೇ ಎರಗಲು ಬಂತು. ನಾನು ಗುಂಡಿ ಒತ್ತಿ ಹಿಡಿದಿದ್ದೆ. ಆ ನೂರಾರು ಚಿತ್ರಗಳಲ್ಲಿ ಒಂದಕ್ಕೆ ‘ಬೆಳಗಿನ ರಾಗ’ ಎಂದು ಹೆಸರಿಟ್ಟೆ. ಅದು ಹಾಡುತ್ತಿರಲಿಲ್ಲ, ಬೈಯುತ್ತಿತ್ತು. ಸಾವಿರದಲ್ಲೊಂದು ಸೆಕೆಂಡಿನ ಚಿತ್ರದಲ್ಲಿ ತೆರೆದ ಕೊಕ್ಕು ತೆರೆದ ಕೊಕ್ಕಷ್ಟೇ. ಅದನ್ನು ಹಾಡು ಮಾಡಿದ್ದು ನನ್ನ ಅಡಿಬರಹ. ಕ್ಯಾಮೆರಾ ಸುಳ್ಳು ಹೇಳಲಿಲ್ಲ, ನಾನು ಹೇಳಿದೆ.

ಮರುದಿನವೂ, ಅದರ ಮರುದಿನವೂ ಇನ್ನೂ ಚೆನ್ನಾಗಿರುವುದು ಸಿಗಬಹುದು ಎಂದು ಮೊಬೈಲ್ ಇಟ್ಟೆ. ಒಂದು ವಾರದ ನಂತರ ಅಮ್ಮ ಹಲ್ಲುಜ್ಜುತ್ತ ಹೇಳಿದರು: “ಅದೆಂತ, ಟ್ಯಾಂಕಿನ ಮೇಲಿನ ಹಕ್ಕಿ ಕೂಗೋದೇ ಬಿಟ್ಟಿದೆ.” ನನ್ನಿಂದಲೇ ಹಾಗಾಯಿತು ಎಂದು ಸಾಧಿಸಲು ನನ್ನ ಬಳಿ ಪುರಾವೆ ಇಲ್ಲ. ಬೆಕ್ಕು ಹಿಡಿದಿರಬಹುದು, ಪಕ್ಕದ ಮನೆಯವರು ಟ್ಯಾಂಕಿನ ಪಕ್ಕದ ಹಳೆಯ ಮರ ಕಡಿಸಿದ್ದೂ ಅದೇ ವಾರ, ಅದರ ಪೊಟರೆಯಲ್ಲಿ ಗೂಡಿತ್ತೋ ಏನೋ. ಆದರೆ ಬೆಳಗಿನ ಹೊತ್ತು ತನ್ನ ಜಾಗ ಕಾಯಬೇಕಾದ, ಹೆಣ್ಣಿಗೆ ಹಾಡಬೇಕಾದ, ಹುಳ ಹಿಡಿಯಬೇಕಾದ ಹಕ್ಕಿಯನ್ನು ಇಲ್ಲದ ಶತ್ರುವಿನ ಜೊತೆ ಮೂರು ದಿನ ಗುದ್ದಾಡಿಸಿದ್ದು ನಾನೇ. ಅದಕ್ಕೆ ಪುರಾವೆ ಬೇಕಿಲ್ಲ, ಚಿತ್ರವಿದೆ. ಅನುಭವಸ್ಥ ಛಾಯಾಗ್ರಾಹಕರು ಗೂಡಿನ ಹತ್ತಿರ ಹೋಗಬಾರದು, ಧ್ವನಿ ಹಾಕಿ ಕರೆಸಬಾರದು ಎಂದು ಹೇಳುತ್ತಲೇ ಇದ್ದಾರೆ. ನಾನೂ ಓದಿದ್ದೆ. ಓದಿದ್ದು ಕಾಡಿಗೆ, ಇದು ನಮ್ಮ ಹಿತ್ತಿಲಲ್ಲವೇ ಅಂದುಕೊಂಡಿದ್ದೆ.

ಕಿವಿಯ ಕೆಲಸವನ್ನೂ ಈಗ ಯಂತ್ರ ಮಾಡುತ್ತದೆ. ಮೊಬೈಲನ್ನು ಹಿತ್ತಿಲಲ್ಲಿ ಹಿಡಿದರೆ ಯಾವ ಹಕ್ಕಿ ಕೂಗುತ್ತಿದೆ ಎಂದು ಮೆರ್ಲಿನ್ ಎಂಬ ಆ್ಯಪ್ ಹೇಳುತ್ತದೆ. ಆ ಸೌಲಭ್ಯ 2021ರಲ್ಲಿ ಬಂತು. ಅದು ಕೆಲಸ ಮಾಡುವ ಬಗೆ ಕುತೂಹಲಕರವಾಗಿದೆ. ಸದ್ದನ್ನು ಅದು ಮೊದಲು ಚಿತ್ರವನ್ನಾಗಿ ಮಾಡಿಕೊಳ್ಳುತ್ತದೆ. ಸ್ವರದ ಏರಿಳಿತ ಗೆರೆಗಳಾಗಿ ಮೂಡಿದ ಮೇಲೆ, ಆ ಚಿತ್ರವನ್ನು ನೋಡಿ ಹಕ್ಕಿಯನ್ನು ಗುರುತಿಸುತ್ತದೆ. ಯಂತ್ರ ಕೇಳುವುದೂ ನೋಡುವುದರ ಮೂಲ�ವೇ. ಅದನ್ನು ನಾನು ಬಳಸುತ್ತೇನೆ, ಅದರಿಂದ ಕಲಿತಿದ್ದೇನೆ. ಆದರೆ ಯಾವ ಹಕ್ಕಿ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆಯೇ ಹೊರತು ಅಮ್ಮನ ಪ್ರಶ್ನೆಗೆ ಅಲ್ಲ. ಹಾಡೋ ಬೈಗುಳವೋ, ಬೆದರಿಕೆಯೋ ಕರೆಯೋ ಎಂದು ತಿಳಿಯಲು ಆ ಹಕ್ಕಿಯ ಜೊತೆ ಒಂದೇ ಹಿತ್ತಿಲಲ್ಲಿ ಹಲವು ಬೇಸಗೆ ಕಳೆಯಬೇಕು.

ವಿಜ್ಞಾನದ ಲೆಕ್ಕದಲ್ಲಿ ಹಾಡುಹಕ್ಕಿಗಳ ಗುಂಪಿಗೆ ಕಾಗೆ ಸೇರುತ್ತದೆ, ಕೋಗಿಲೆ ಸೇರುವುದಿಲ್ಲ. ಗಂಟಲಿನ ರಚನೆ ನೋಡಿ ಮಾಡಿದ ವಿಂಗಡಣೆ ಅದು. ಕಾಗೆಯ ಗೂಡಿನಲ್ಲಿ ಬೆಳೆದ ಕೋಗಿಲೆಮರಿ ಯಾರಿಂದಲೂ ಕಲಿಯದೆ ಕೋಗಿಲೆಯಂತೆಯೇ ಕೂಗುತ್ತದೆ, ಮಡಿವಾಳದ ಬಳಗದ ಹಕ್ಕಿಗಳಾದರೋ ಹಾಡನ್ನು ಹಿರಿಯರಿಂದ ಕೇಳಿ ಕಲಿಯಬೇಕು. ನಮ್ಮ ಪದ್ಯಗಳಲ್ಲಿ, ಸಿನಿಮಾ ಹಾಡುಗಳಲ್ಲಿ ‘ಅವಳು’ ಆಗಿ ಹಾಡುವ ಕೋಗಿಲೆ ನಿಜದಲ್ಲಿ ಗಂಡು, ಕುಹೂ ಎನ್ನುವುದು ಆ ಕಪ್ಪು ಗಂಡೇ. ಇಂಥ ತಪ್ಪುಗಳಿಗೆ ಕವಿಗಳನ್ನು ಹಂಗಿಸುವುದು ನನ್ನ ಇರಾದೆಯಲ್ಲ. ಕೇಳಿದವರು ನೋಡಲಿಲ್ಲ, ಹಾಗಾಗಿ ಆ ತಪ್ಪು. ಈಗ ನಾವು ನೋಡುತ್ತೇವೆ, ಕೇಳುವುದಿಲ್ಲ. ಹಾಗಾಗಿ ಈ ತಪ್ಪು. ಎರಡರ ನಡುವೆ ತೇಜಸ್ವಿ ಚಿತ್ರ ಮತ್ತು ಟಿಪ್ಪಣಿಯನ್ನು ಒಂದೇ ಪುಟದಲ್ಲಿ ಇಟ್ಟದ್ದು ಕನ್ನಡ ಗದ್ಯದ ಒಂದು ಮುಖ್ಯ ಕೆಲಸ ಎಂದು ನನಗೆ ಈಗ ಅನ್ನಿಸುತ್ತದೆ. ಹಾಡುಹಕ್ಕಿಯ ಚಿತ್ರವನ್ನು ವಿಮರ್ಶೆ ಮಾಡುವವರು ಗಮನಿಸಬೇಕಾದದ್ದು ರೆಕ್ಕೆಯ ಸ್ಪಷ್ಟತೆಯನ್ನಲ್ಲ, ಅದರ ಕೆಳಗಿನ ಮಾತನ್ನು. ಆ ಮಾತು ಚಿತ್ರದಲ್ಲಿ ಇಲ್ಲದ್ದನ್ನು ಹೇಳುತ್ತಿದೆಯೋ, ಇಲ್ಲದ್ದನ್ನು ಇದೆ ಎನ್ನುತ್ತಿದೆಯೋ ಎಂಬುದನ್ನು.

ಹಕ್ಕಿ ಪುಸ್ತಕಗಳನ್ನು ಅನುಬಂಧದಿಂದ ತೆಗೆದು ಒಂದು ಅಧ್ಯಾಯ ಮಾಡಿದ್ದೇನೆ. ಆ ಅಧ್ಯಾಯ ಬರೆಯುತ್ತಿರುವಾಗಲೇ, ಈ ವರ್ಷ ಮಾರ್ಚ್ ಕೊನೆಗೆ, ಟ್ಯಾಂಕಿನ ಮೇಲೆ ಮತ್ತೆ ಒಂದು ಗಂಡು ಬಂದು ಕೂತಿತು. ಹಳೆಯದೇ, ಬೇರೆಯದೇ ಹೇಳಲಾರೆ. ಸಿಂಹದ ಸದ್ದು ನಿಂತ ಮೇಲೆ ಹಾಡುತ್ತದೆ, ಕೆಲವು ದಿನ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಅಡುಗೆಮನೆಯ ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ಕೂತು ಕೇಳುತ್ತೇನೆ. ಒಂದೆರಡು ಸಲ ಕ್ಯಾಮೆರಾ ಹಿಡಿದು ಟ್ಯಾಂಕಿನ ಮೇಲಿರುವ ಹಾಗೆಯೇ ತೆಗೆದೆ. ದೂರ, ಸಣ್ಣದು, ಪ್ಲಾಸ್ಟಿಕ್ ಟ್ಯಾಂಕಿನ ಕಂಪನಿಯ ಹೆಸರೂ ಬಂದಿದೆ. ಆದರೆ ಆ ಚಿತ್ರದಲ್ಲಿ ಅದು ಹಾಡುತ್ತಿದೆ.

ಹಳೆಯ ಫೋಟೊವನ್ನು ಅಳಿಸಲಿಲ್ಲ, ಅದರ ಅಡಿಬರಹ ಬದಲಿಸಿದೆ: ‘ಮಡಿವಾಳ, ಗಂಡು. ತ್ಯಾವರೆಕೊಪ್ಪ, ನಮ್ಮ ಹಿತ್ತಿಲು. ಏಪ್ರಿಲ್, ಬೆಳಿಗ್ಗೆ 6.40. ಮೊಬೈಲಿನಲ್ಲಿ ಇನ್ನೊಂದು ಮಡಿವಾಳದ ಹಾಡು ಹಾಕಿ ಕರೆಸಿದ್ದು. ಇಲ್ಲಿ ಅದು ಹಾಡುತ್ತಿಲ್ಲ.’

ಅಮ್ಮನಿಗೆ ಓದಿ ಹೇಳಿದೆ.

“ಹಂಗಾದ್ರೆ ಬೈತಾ ಇತ್ತು ಅಂತಾಯ್ತು,” ಎಂದರು. ಸ್ವಲ್ಪ ತಡೆದು, “ನಂಗೆ ಅವತ್ತೇ ಗೊತ್ತಿತ್ತು. ಒಳಗೆ ಕೇಳ್ತಿತ್ತಲ್ಲ,” ಎಂದು ಸೇರಿಸಿದರು.